ಆಟೋ ರಾಜನ ಆಟೋ

ಚಲನಚಿತ್ರದಲ್ಲಿ ಕಂಡ ವಾಹನವನ್ನು ಒಂದು ತಿರುಪು ಮೊಳೆಯೂ ವ್ಯತ್ಯಾಸವಾಗದಂತೆ ಮತ್ತೆ ಕಟ್ಟಬೇಕೆಂಬ ಹಂಬಲ ವಿಚಿತ್ರವಾದುದು. ಹೊರದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸ. ಹಣವಿದ್ದವರ ಪಾಲಿಗೆ ದೊಡ್ಡ ವ್ಯಾಪಾರವೂ ಹೌದು. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ಅದೇ ಕಂಪನಿಯವರು 2020ರಲ್ಲಿ ಮತ್ತೆ ತಯಾರಿಸಿ, 25 ಮಂದಿ ಗಿರಾಕಿಗಳಿಗೆ ತಲಾ 27.5 ಲಕ್ಷ ಪೌಂಡಿಗೆ ಮಾರಿದರು, ತೆರಿಗೆ ಬೇರೆ. ತಿರುಗುವ ನಂಬರ್ ಪ್ಲೇಟು, ಹೊಗೆಯ ತೆರೆ, ಹಿಂಬದಿಯಿಂದ ಮೇಲೇಳುವ ಗುಂಡುತಡೆ ಎಲ್ಲವೂ ಅದರಲ್ಲಿದ್ದವು. ಒಂದೇ ಕೊರತೆ, ಆ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿರಲಿಲ್ಲ. ಅಷ್ಟು ಹಣ ಸುರಿದು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು ಒರೆಸುತ್ತ ಕೂರುವ ಭಾಗ್ಯ!

ಅಮೆರಿಕದ ಬ್ಯಾಟ್‌ಮನ್ ಕಾರಿನ ಕಥೆ ಇನ್ನೂ ಸ್ವಾರಸ್ಯಕರ. ಲಿಂಕನ್ ಕಂಪನಿ 1955ರಲ್ಲಿ ಪ್ರದರ್ಶನಕ್ಕೆಂದು ಇಟಲಿಯಲ್ಲಿ ಮಾಡಿಸಿದ ‘ಫ್ಯೂಚುರಾ’ ಎಂಬ ಒಂಟಿ ಕಾರನ್ನು ಜಾರ್ಜ್ ಬ್ಯಾರಿಸ್ ಎಂಬಾತ ಮಾರ್ಪಡಿಸಿ 1966ರ ದೂರದರ್ಶನ ಸರಣಿಗೆ ಒದಗಿಸಿದ. ಮುಂದೆ ಇನ್ನೊಬ್ಬ ಅದರ ಪ್ರತಿಕೃತಿಗಳನ್ನು ಕಟ್ಟಿ ಮಾರತೊಡಗಿದಾಗ ಕಾಮಿಕ್ಸ್ ಕಂಪನಿ ಅವನನ್ನು ನ್ಯಾಯಾಲಯಕ್ಕೆಳೆಯಿತು. ಆ ಕಾರು ಬರಿಯ ಯಂತ್ರವಲ್ಲ, ಕಥೆಯಲ್ಲಿ ಬರುವ ಒಂದು ಪಾತ್ರವೇ ಆಗಿದೆ, ಆದ್ದರಿಂದ ಅದಕ್ಕೆ ಕೃತಿಸ್ವಾಮ್ಯ ಉಂಟು ಎಂದು 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕಾರೂ ಪಾತ್ರವಾಗಬಲ್ಲದೆಂಬ ಮಾತು ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನಮ್ಮ ಜಿಲ್ಲೆಯ ಮಾನ್ವಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಸಾಹಸಕ್ಕೆ ಕೈಹಾಕಿದ. ಅವನು ಕಟ್ಟಿದ್ದು ಕಾರಲ್ಲ, ಆಟೋರಿಕ್ಷಾ. ಕನ್ನಡಿಗರಿಗೆ ಚಲನಚಿತ್ರದ ವಾಹನ ಎಂದೊಡನೆ ನೆನಪಾಗುವುದು ಕಾರಲ್ಲವಷ್ಟೆ. 1980ರಲ್ಲಿ ತೆರೆಕಂಡ, ವಿಜಯ್ ಅವರು ನಿರ್ದೇಶಿಸಿದ ‘ಆಟೋ ರಾಜ’ ಚಿತ್ರವನ್ನು ನೋಡದ ನಮ್ಮ ತಲೆಮಾರಿನವರು ವಿರಳ. ಶಂಕರ್ ನಾಗ್ ಅದರ ನಾಯಕ, ಗಾಯತ್ರಿ ನಾಯಕಿ, ರಾಜನ್-ನಾಗೇಂದ್ರ ಸಹೋದರರ ಸಂಗೀತ. ಎರಡು ವರ್ಷಗಳ ಹಿಂದಷ್ಟೇ, 1978ರಲ್ಲಿ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೂಲಿಯೋಧನಾಗಿ ತೆರೆಗೆ ಬಂದಿದ್ದ ಆ ನಟನನ್ನು ಪಂಡಿತರು ಮೆಚ್ಚಿದ್ದು ಅದರಿಂದ. ರಸ್ತೆಯ ಜನ ಎದೆಗೆ ಹಚ್ಚಿಕೊಂಡದ್ದು ‘ಆಟೋ ರಾಜ’ದಿಂದ. ಅದೇ 1980ರಲ್ಲಿ ಅವರೇ ನಿರ್ದೇಶಿಸಿದ ‘ಮಿಂಚಿನ ಓಟ’ದ ಕಥೆ ಕಾರು ಕಳ್ಳರದು ಎಂಬುದನ್ನೂ ಇಲ್ಲಿ ನೆನೆಯಬಹುದು. ಕದ್ದ ಕಾರುಗಳ ಆ ಚಿತ್ರಕ್ಕೆ ರಾಜ್ಯಪ್ರಶಸ್ತಿ ಬಂತು. ದುಡಿಯುವ ಆಟೋದ ಈ ಚಿತ್ರಕ್ಕೆ ಪ್ರಶಸ್ತಿಗಿಂತ ದೊಡ್ಡದು ಬಂತು. ಇಂದಿಗೂ ಕರ್ನಾಟಕದ ಯಾವ ಊರಿಗೆ ಹೋದರೂ ಆಟೋಗಳ ಹಿಂಬದಿಯಲ್ಲಿ ಶಂಕರ್ ನಾಗ್ ಅವರ ಮುಖ ಕಾಣುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದಾಗ ಅವರಿಗಿನ್ನೂ 36 ತುಂಬಿರಲಿಲ್ಲ. ಆಮೇಲೆ ಹುಟ್ಟಿದ ಹುಡುಗರೂ ತಮ್ಮ ಆಟೋಗಳ ಮೇಲೆ ಅವರನ್ನು ಕೂರಿಸಿಕೊಂಡು ತಿರುಗುತ್ತಾರೆ.

ನನ್ನ ವಿದ್ಯಾರ್ಥಿಯ ತಂದೆ ರಾಯಚೂರು ರೈಲು ನಿಲ್ದಾಣದ ಮುಂದೆ ಆಟೋ ಓಡಿಸಿದವರು. ಮಗ ಓದಿನಲ್ಲಿ ಹಿಂದೆ, ಕೈಕೆಲಸದಲ್ಲಿ ಮುಂದೆ. ಶಾಲೆಯ ಗಡಿಯಾರ ನಿಂತರೆ ಅವನನ್ನೇ ಕರೆಯುತ್ತಿದ್ದೆವು. ಈಗ ಮಾನ್ವಿಯಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಾನೆ. 2023ರ ಬೇಸಿಗೆಯಲ್ಲಿ ಮನೆಗೆ ಬಂದು, “ಸರ್, ನವೆಂಬರದಾಗ ಮೆರವಣಿಗಿಗೆ ‘ಆಟೋ ರಾಜ’ ಸಿನಿಮಾದ ಆಟೋ ಮಾಡಿಕೊಡು ಅಂದಾರ್ರೀ ನಮ್ಮ ಡ್ರೈವರ್ ಮಂದಿ. ನಾ ಮಾಡೋದಾದ್ರ ಖರೇನ ಅಂಥದ್ದ ಮಾಡ್ತೀನ್ರೀ, ಬಣ್ಣ ಬಳಿದು ಕೊಡಂಗಿಲ್ಲ” ಎಂದ. ಕರ್ನಾಟಕವೆಂದು ನಾಡಿಗೆ ಹೆಸರಿಟ್ಟು 50 ವರ್ಷ ತುಂಬಿದ ವರ್ಷವದು. ನವೆಂಬರ್ 1 ರಾಜ್ಯೋತ್ಸವ, 9 ಶಂಕರ್ ನಾಗ್ ಹುಟ್ಟಿದ ದಿನ. ಎರಡಕ್ಕೂ ಸೇರಿಸಿ ಒಂದು ಸ್ತಬ್ಧಚಿತ್ರ ಮಾಡುವುದು ಚಾಲಕರ ಆಲೋಚನೆ.

“ಖರೇನ ಅಂಥದ್ದ” ಎಂಬ ಆ ಮಾತಿನಲ್ಲೇ ತೊಡಕೆಲ್ಲ ಅಡಗಿತ್ತು.

ಆಟೋರಿಕ್ಷಾದ ಮೂಲ ಇಟಲಿಯದು. ಪಿಯಾಜಿಯೋ ಕಂಪನಿ ತನ್ನ ವೆಸ್ಪಾ ಸ್ಕೂಟರಿನ ಮುಂಭಾಗಕ್ಕೆ ಹಿಂದೆ ಎರಡು ಗಾಲಿ ಜೋಡಿಸಿ 1948ರಲ್ಲಿ ‘ಆಪೆ’ ಎಂಬ ಮೂರುಗಾಲಿಯ ಗಾಡಿಯನ್ನು ಹೊರತಂದಿತು. ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುನೊಣ. ನಮ್ಮ ಬಜಾಜ್ ಕಂಪನಿ 1959ರಲ್ಲಿ ಸರ್ಕಾರದ ಪರವಾನಗಿ ಪಡೆದು, ಪಿಯಾಜಿಯೋ ಸಹಯೋಗದಲ್ಲಿ ಇವನ್ನು ಇಲ್ಲಿಯೇ ತಯಾರಿಸತೊಡಗಿತು. ಆ ಸಹಯೋಗ 1971ಕ್ಕೆ ಮುಗಿಯಿತು. ಮೊದಲ ಆಟೋಗಳಲ್ಲಿ ಎಂಜಿನ್ನು ಮುಂದಿನ ಗಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ಹಿಂಬದಿ ಎಂಜಿನ್ನಿನ ಆಟೋ ಬಂದದ್ದು 1977ರಲ್ಲಿ. ಆದ್ದರಿಂದ 1980ರ ರಸ್ತೆಗಳಲ್ಲಿ ಎರಡೂ ಬಗೆಯವು ಓಡಾಡುತ್ತಿದ್ದವು. ಬಾಂಡ್ ಕಾರಿಗಾದರೆ ಕಂಪನಿಯಲ್ಲಿ ನಕ್ಷೆಗಳಿವೆ, ಬ್ಯಾಟ್‌ಮನ್ ಕಾರಿಗೆ ಮೂಲ ಕಾರೇ ಇದೆ. ಬಾಡಿಗೆ ಆಟೋಕ್ಕೆ ಅಂಥ ಚರಿತ್ರೆ ಎಲ್ಲಿಯದು? ಚಿತ್ರದ ಸಿ.ಡಿ.ಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ ಹುಡುಗ ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಚಿತ್ರದ ಆ ಒಂದೇ ಆಟೋವನ್ನು ನಕಲು ಮಾಡುವುದಲ್ಲ. 1980ರಲ್ಲಿ ಒಬ್ಬ ಆಟೋ ರಾಜನ ಕೈಯಲ್ಲಿ ಇರಬಹುದಾಗಿದ್ದ ಆಟೋವನ್ನು ಕಟ್ಟುವುದು. ಇದು ನನಗೆ ಸರಿಯೆನಿಸಿತು.

ಆದರೆ ಹಳೆಯ ಬಜಾಜ್ ಸಿಗುವುದೆಲ್ಲಿ? ಎರಡು ಸ್ಟ್ರೋಕಿನ ಆ ಗಾಡಿಗಳು ಗುಜರಿಗೆ ಹೋಗಿ, ಕರಗಿ, ಕಿಟಕಿಯ ಸರಳುಗಳಾಗಿ ಎಷ್ಟೋ ಕಾಲವಾಯಿತು. ನಾಲ್ಕು ತಿಂಗಳು ಅಲೆದ ಮೇಲೆ ದೇವದುರ್ಗದಲ್ಲಿ ಒಂದು ಇದೆಯೆಂದು ತಿಳಿಯಿತು. ದೇವದುರ್ಗದಲ್ಲಿ ನಾನು ಏಳು ವರ್ಷ ಪಾಠ ಹೇಳಿದವನು. ಪರಿಚಯಕ್ಕಾಗಿ ನನ್ನನ್ನೂ ಕರೆದುಕೊಂಡು ಹೋದ. ಒಂದು ಮನೆಯ ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ, ಗಾಲಿಗಳಿಲ್ಲದೆ ನಾಲ್ಕು ಕಲ್ಲುಗಳ ಮೇಲೆ ಕುಳಿತಿತ್ತು. ಹಿಂದಿನ ಸೀಟಿನ ಜಾಗದಲ್ಲಿ ಕೋಳಿಗಳು, ಚಾಲಕನ ಜಾಗದಲ್ಲಿ ಕುಳ್ಳು ಕಟ್ಟಿಗೆ. ಟಪ್ಪಿನ ಬಟ್ಟೆಯ ಕುರುಹೂ ಇಲ್ಲ, ಪೈಪಿನ ಚೌಕಟ್ಟು ಮಾತ್ರ. 1982ರ ಗಾಡಿ, ಹಿಂಬದಿ ಎಂಜಿನ್ನಿನದು. ಎಂಜಿನ್ನು ಇತ್ತು; ತಿರುಗುತ್ತಿರಲಿಲ್ಲ.

ಮನೆಯೊಡತಿ ಎಪ್ಪತ್ತು ದಾಟಿದ ಮುದುಕಿ. ಗಂಡ ಓಡಿಸಿದ ಗಾಡಿ. ಗುಜರಿಯವರು ಎಷ್ಟೋ ಸಲ ಬಂದು ಕೇಳಿದ್ದರಂತೆ, ಕೊಟ್ಟಿರಲಿಲ್ಲ. ನಾವು ಹಣದ ಮಾತೆತ್ತಿದಾಗ ಆಕೆ ಮಾತಾಡಲಿಲ್ಲ. ಹುಡುಗ ಕೆಳಗೆ ಕುಳಿತು, ಕೋಳಿಗಳನ್ನು ಓಡಿಸಿ, ಮುಂಭಾಗದ ತಗಡನ್ನು ಅಂಗೈಯಿಂದ ಒರೆಸಿದ. ತುಕ್ಕಿನ ನಡುವೆ ಕೈಬರಹದ ಅಕ್ಷರಗಳು ಕಂಡವು: ‘ಶ್ರೀ ಅಮರೇಶ್ವರ ಪ್ರಸನ್ನ’. ಗುರುಗುಂಟಿಯ ಅಮರೇಶ್ವರ ಆ ಮನೆಯವರ ದೇವರು.

“ಅದನ್ನ ಅಳಸಬ್ಯಾಡ ತಮ್ಮ” ಎಂದಳು ಆಕೆ. “ಗಾಡಿ ವಯ್ಯಿ. ರೊಕ್ಕಾನೂ ಕೊಡು, ಬ್ಯಾಡನ್ನಂಗಿಲ್ಲ. ಆದ್ರ ಆ ಹೆಸರು ನಮ್ಮನಿಯಾಂವ ತಾನ ಬರದದ್ದು. ಅದೊಂದು ಅಳಸಬ್ಯಾಡ.”

ಹುಡುಗ ನನ್ನ ಮುಖ ನೋಡಿದ. ಬೆಂಗಳೂರಿನ ಚಿತ್ರದ ಆಟೋದ ಮೇಲೆ ದೇವದುರ್ಗದ ಒಬ್ಬ ಚಾಲಕನ ಕೈಬರಹ! “ಅಳಸಂಗಿಲ್ಲವ್ವ” ಎಂದು ಮಾತುಕೊಟ್ಟ. ಸಿರವಾರ ಮಾರ್ಗವಾಗಿ ಟ್ರ್ಯಾಕ್ಟರಿನಲ್ಲಿ ಗಾಡಿಯನ್ನು ಸಾಗಿಸುವಾಗ ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಎಲ್ಲಿ ಮುಚ್ಚುವುದು, ಎಲ್ಲಿ ಬಿಡುವುದು ಎಂದು ಲೆಕ್ಕ ಹಾಕುತ್ತಿದ್ದನೆಂದು ಕಾಣುತ್ತದೆ.

ಮುಂದಿನ ಮೂರು ತಿಂಗಳ ಕೆಲಸವನ್ನು ಪೂರ್ತಿ ವಿವರಿಸಿದರೆ ಓದುಗರಿಗೆ ಬೇಸರವಾದೀತು, ಆದರೂ ಕೆಲವನ್ನು ಹೇಳದೆ ಬಿಡಲಾರೆ. ಎಂಜಿನ್ನು ಸುಮಾರು 150 ಸಿ.ಸಿ.ಯದು, ಒಂದೇ ಸಿಲಿಂಡರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆಯೇ ಉರಿದು ನೀಲಿ ಹೊಗೆ ಬರುವುದು. ಪಿಸ್ಟನ್ನು ಹಿಡಿದು ಕುಳಿತದ್ದರಿಂದ ಅದಕ್ಕೆ ವಾರಗಟ್ಟಲೆ ಡೀಸೆಲ್ ಕುಡಿಸಿ ಬಿಡಿಸಿದ. ಗೇರು ಎಡಗೈ ಹಿಡಿಯಲ್ಲಿ, ಸ್ಕೂಟರಿನಂತೆ ತಿರುವುವುದು. ಚಾಲನೆಗೆ ಕೀಲಿ ತಿರುವಿದರೆ ಸಾಲದು, ಚಾಲಕನ ಎಡಬದಿಯಲ್ಲಿ ಒಂದು ಉದ್ದ ಹಿಡಿಕೆ. ಅದನ್ನು ಜಗ್ಗಿ ಎಳೆಯಬೇಕು. ಆ ಹಿಡಿಕೆ ಮುರಿದಿತ್ತು. ರಾಯಚೂರಿನ ಲೇತಿನವರ ಬಳಿ ಹೊಸದು ಮಾಡಿಸಿದರೆ ಅದು ನೋಡಲು ಸರಿಯಿದ್ದರೂ ಕೈಗೆ ಸರಿಬರಲಿಲ್ಲ. ಹಳೆಯದು ಸಾವಿರಾರು ಸಲ ಜಗ್ಗಿ ನುಣುಪಾದದ್ದು, ಹೊಸದು ಚೂಪು. ಹುಡುಗ ಮರಳು ಕಾಗದ ಹಿಡಿದು ಎರಡು ದಿನ ಅದನ್ನು ತಿಕ್ಕಿದ. ಚಿತ್ರದಲ್ಲಿ ಯಾರಿಗೂ ಕಾಣದ ಸಂಗತಿಯಿದು, ಚಾಲಕನ ಅಂಗೈಗೆ ಮಾತ್ರ ತಿಳಿಯುವುದು.

ಟಪ್ಪು ಹೊಲಿಯುವುದಕ್ಕೆ ರಾಯಚೂರಿನ ತೀನ್ ಕಂದೀಲ್ ಕಡೆಯ ಒಬ್ಬ ವೃದ್ಧರನ್ನು ಹಿಡಿದ. ನಾವೆಲ್ಲ ಚಾಚಾ ಎನ್ನುತ್ತೇವೆ. ಹುಡುಗ ಮಾರುಕಟ್ಟೆಯಿಂದ ತಂದಿದ್ದ ಹಳದಿ ರೆಗ್ಜಿನ್ ಬಟ್ಟೆಯನ್ನು ಬಿಚ್ಚಿ ನೋಡಿ ಚಾಚಾ ಮಡಚಿಟ್ಟರು. “ಇದು ನಿಂಬಿಹಣ್ಣಿನ ಹಳದಿ ಬೇಟಾ. ಅವಾಗಿಂದು ಅರಿಷಿಣದ ಹಳದಿ” ಎಂದರು. ಕೊನೆಗೆ ಅಂಥ ಬಟ್ಟೆ ಅವರದೇ ಅಂಗಡಿಯ ಅಟ್ಟದ ಮೇಲೆ, ಇಲಿ ಕಡಿದ ಸುರುಳಿಯೊಂದರಲ್ಲಿ ಸಿಕ್ಕಿತು. ಇಲಿ ಕಡಿದಲ್ಲಿ ತೇಪೆ ಹಾಕಿದರು. ತೇಪೆಯಿಲ್ಲದ ಟಪ್ಪು ಅಂದಿನ ದಿನಗಳಲ್ಲಿ ಇರುತ್ತಲೇ ಇರಲಿಲ್ಲ, ಹಾಗಾಗಿ ಇದೇ ಹೆಚ್ಚು ನಿಜ ಎಂದು ಅವರ ವಾದ. ಒಪ್ಪದೆ ವಿಧಿಯಿರಲಿಲ್ಲ.

ಬಾವುಟ ತಿರುಗಿಸುವ ಹಳೆಯ ಕಬ್ಬಿಣದ ಮೀಟರು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಕಟ್ಟಿದಾಗ ನಮ್ಮ ರಾಯಚೂರಿನ ಚಾಲಕರು ನಕ್ಕದ್ದೇ ನಕ್ಕದ್ದು. ನಾನು ಬಲ್ಲಂತೆ ನಮ್ಮಲ್ಲಿ ಬಾಡಿಗೆ ಎಂದರೆ ಬಾಯಿಮಾತು, ಚೌಕಾಸಿ. ಊರಿಂದೂರಿಗೆ ಟಂಟಂಗಳಲ್ಲಿ ಹತ್ತು ಮಂದಿಯನ್ನು ತುಂಬಿಕೊಂಡು ಹೋಗುವವರಿಗೆ ಮೀಟರು ಏತಕ್ಕೆ? ಆದರೆ ರಾಜ ಬೆಂಗಳೂರಿನವನು, ಮೀಟರು ಬೇಕೇ ಬೇಕು. ನಂಬರ್ ಪ್ಲೇಟಿನ ವಿಷಯದಲ್ಲಿ ಮಾತ್ರ ನಾನು ಅಡ್ಡಬಂದೆ. ಇಂದು ರಾಯಚೂರಿನ ಗಾಡಿಗಳಿಗೆ ಕೆಎ 36. ಅಂದು ಎಂವೈ, ಸಿಎ ಎಂದು ಮೊದಲಾಗುವ ಸಂಖ್ಯೆಗಳಿದ್ದವು. ಯಾವುದೋ ಗಾಡಿಯ ಸಂಖ್ಯೆಯನ್ನು ಇನ್ನೊಂದಕ್ಕೆ ಬರೆಯುವುದು ಅಪರಾಧ, ಸ್ತಬ್ಧಚಿತ್ರವಾದರೂ ಬೇಡ ಎಂದೆ. ಪ್ಲೇಟಿನ ಮೇಲೆ ‘ಆಟೋ ರಾಜ 1980’ ಎಂದಷ್ಟೇ ಬರೆದ.

ಅಮರೇಶ್ವರನ ಹೆಸರಿಗೆ ಅವನು ಕಂಡುಕೊಂಡ ಉಪಾಯ ಹೀಗಿತ್ತು. ಇಡೀ ಗಾಡಿಯ ತುಕ್ಕು ಕೆರೆದು ಕಪ್ಪು ಬಣ್ಣ ಹೊಡೆದರೂ ಆ ಒಂದು ಗೇಣು ಜಾಗವನ್ನು ಮುಟ್ಟಲಿಲ್ಲ. ಅದರ ಮೇಲೆ ಅಳತೆಗೆ ಸರಿಯಾದ ತೆಳು ತಗಡೊಂದನ್ನು ಎರಡು ತಿರುಪಿನಿಂದ ಕೂರಿಸಿದ. ಹೊರಗೆ ಬೆಂಗಳೂರು, ಒಳಗೆ ದೇವದುರ್ಗ. ತಿರುಪು ಬಿಚ್ಚಿದರೆ ಅಕ್ಷರಗಳು ಇದ್ದಂತೆಯೇ ಇವೆ.

ಅಕ್ಟೋಬರ್ ಕೊನೆಯಲ್ಲಿ ಚಾಲಕರ ಗುಂಪು ಗಾಡಿಯನ್ನು ನೋಡಲು ಮಾನ್ವಿಗೆ ಬಂತು. ಸುತ್ತ ತಿರುಗಿದರು, ಹಾರ್ನ್ ಒತ್ತಿದರು, ಮೆಚ್ಚಿದರು. ಆಮೇಲೆ ಒಬ್ಬ ಹಿರಿಯ ಚಾಲಕ ಕೇಳಿದ: “ಶಂಕ್ರಣ್ಣನ ಫೋಟೋ ಎಲ್ಲಿ?”

“ಇಲ್ಲ ಕಾಕಾ” ಎಂದ ಹುಡುಗ.

“ಇಲ್ಲಂದ್ರ? ಇನ್ನೂ ಹಚ್ಚಿಲ್ಲೇನು?”

“ಹಚ್ಚಂಗಿಲ್ಲ ಕಾಕಾ. ಸಿನಿಮಾದಾಗ ಗಾಡಿ ಹೊಡ್ಯಾಂವ ಶಂಕ್ರಣ್ಣನ. ತನ್ನ ಗಾಡಿ ಮ್ಯಾಲ ತನ್ನ ಫೋಟೋ ತಾನ ಹಚ್ಕಂತಾನೇನು?”

ಗ್ಯಾರೇಜಿನಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನನಗಂತೂ ಇದು ಎಷ್ಟು ಸರಳವಾದ, ಎಷ್ಟು ಗಟ್ಟಿಯಾದ ಮಾತೆನಿಸಿತು. ನಲವತ್ತು ವರ್ಷಗಳಿಂದ ಆ ಮುಖವನ್ನು ಆಟೋಗಳ ಮೇಲೆ ನೋಡಿ ನೋಡಿ, ಮುಖವಿಲ್ಲದೆ ಆಟೋ ರಾಜನ ಆಟೋ ಇಲ್ಲ ಎಂಬ ಸ್ಥಿತಿಗೆ ನಾವು ಬಂದಿದ್ದೇವೆ. ಆ ಚಿತ್ರದಿಂದ ಹುಟ್ಟಿದ ಅಭಿಮಾನದ ಗುರುತು ಆ ಚಿತ್ರದೊಳಗಿನ ಆಟೋದ ಮೇಲೆ ಇರುವುದಾದರೂ ಹೇಗೆ?

ಆದರೆ ಚಾಲಕರ ಉತ್ತರವೂ ಪೊಳ್ಳಾಗಿರಲಿಲ್ಲ. “ಫೋಟೋ ಇಲ್ದಿದ್ರ ಇದು ಹಳೇ ಆಟೋ ಅಷ್ಟ” ಎಂದ ಹಿರಿಯ. “ಮಂದಿಗೆ ಹೆಂಗ ಗೊತ್ತಾಗಬೇಕು? ನಾವು ರೊಕ್ಕ ಕೂಡಿಸಿದ್ದು ಬಜಾಜ್ ಕಂಪನಿ ಮೆರವಣಿಗಿ ಮಾಡಾಕಲ್ಲ, ಶಂಕ್ರಣ್ಣನ ಮೆರವಣಿಗಿ ಮಾಡಾಕ.” ಅವರು ದಿನದ ದುಡಿಮೆಯಲ್ಲಿ ಐವತ್ತು, ನೂರು ಎತ್ತಿಟ್ಟು ಕೂಡಿಸಿದ ಹಣ. ಹುಡುಗ ತನ್ನ ಪಾಲಿನ ಕೂಲಿಯನ್ನೇ ತೆಗೆದುಕೊಂಡಿರಲಿಲ್ಲ. ಎರಡೂ ಕಡೆಗೆ ಹಕ್ಕಿತ್ತು. ಮಾತು ಬೆಳೆಯಿತು. “ನಿಮ್ಮಪ್ಪನ ಗಾಡಿ ಮ್ಯಾಲೆ ಫೋಟೋ ಇರಲಿಲ್ಲೇನು?” ಎಂದು ಒಬ್ಬ ಕೇಳಿಯೂ ಬಿಟ್ಟ. ಇತ್ತು. 1990ರ ಅಕ್ಟೋಬರಿನಲ್ಲಿ ಅವರು ಅಂಟಿಸಿದ್ದರು, ಗಾಡಿ ಮಾರುವವರೆಗೂ ತೆಗೆಯಲಿಲ್ಲ. “ಅದು ನಮ್ಮಪ್ಪನ ಗಾಡಿ. ಇದು ರಾಜನ ಗಾಡಿ” ಎಂದನೇ ಹೊರತು ಹುಡುಗ ಸಡಿಲಗೊಳ್ಳಲಿಲ್ಲ.

ಅರಸಾಳು ನಿಲ್ದಾಣದ ವಿಷಯವನ್ನು ಅಂದು ಅವರಿಗೆ ಹೇಳಿದೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ ಜಿಲ್ಲೆಯ ಆ ಪುಟ್ಟ ನಿಲ್ದಾಣ. ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮತ್ತೆ ನಿಲ್ಲಿಸಿದಾಗ, ಸರಣಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಆ ಕೆಲಸ ಮಾಡಿದರು. ಅಲ್ಲಿ ಕಟ್ಟಡವೂ ಇದೆ, ನೆನಪಿಗಾಗಿ ಚಿತ್ರಗಳೂ ಪ್ರತಿಮೆಗಳೂ ಇವೆ. ಒಂದು ಇನ್ನೊಂದನ್ನು ಕೆಡಿಸಿಲ್ಲ. “ಹಂಗಾದ್ರ ಫೋಟೋ ಗಾಡಿಗೆ ಬ್ಯಾಡ, ಟ್ರೇಲರಿಗೆ ಹಚ್ಚಾಣ” ಎಂದು ಹಿರಿಯನೇ ಹೇಳಿದ.

ಟ್ರೇಲರು ಹೇಗಿದ್ದರೂ ಬೇಕಿತ್ತು. ಈ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿರಲಿಲ್ಲ. ನೋಂದಣಿ ಎಂದೋ ರದ್ದಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಗೊಳಿಸಿತು. ಹಳೆಯ ವಾಹನಗಳ ಸಂರಕ್ಷಣೆಗೆಂದು ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿ ಮೂಲ ರೂಪದಲ್ಲಿರುವ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಬೇರೆ ಸಂಖ್ಯೆ ದೊರೆಯುತ್ತದೆ. ಆದರೆ ಆ ನಿಯಮ ಇರುವುದು ಎರಡು ಗಾಲಿಯ ಮತ್ತು ನಾಲ್ಕು ಗಾಲಿಯ ವಾಹನಗಳಿಗೆ. ಮೂರು ಗಾಲಿಯದಕ್ಕೆ ಅಲ್ಲಿ ಜಾಗವಿಲ್ಲ. ಮಹಾರಾಜರ ರೋಲ್ಸ್ ರಾಯ್ಸ್ ಪರಂಪರೆಯಾಯಿತು, ಸ್ಕೂಟರೂ ಆಯಿತು. ಬಡವರ ಬಸುರಿ ಹೆಂಗಸರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ ಗಾಡಿ ಮಾತ್ರ ಆಗಲಿಲ್ಲ. ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ 41 ಅಡಿ ಉದ್ದದ ಬಂಡೆಯಿದೆ. ಆ ಬಂಡೆಯನ್ನು ಕೋಣಗಳ ಸಾಲು ಕಟ್ಟಿ ಗಾಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಅಂದಿನವರು ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಹೊರೆ ಹೊತ್ತ ಗಾಡಿಗೆ ಏಳು ನೂರು ವರ್ಷಗಳ ಹಿಂದೆ ಸಿಕ್ಕ ಮನ್ನಣೆಯಿದು.

ಮೆರವಣಿಗೆಯ ದಿನ ಟ್ರ್ಯಾಕ್ಟರಿನ ಹಿಂದೆ ಟ್ರೇಲರು, ಅದರ ಮೇಲೆ ಹೂವಿನ ನಡುವೆ ಬೋಳು ಆಟೋ, ಮುಂದಿನ ಹಲಗೆಯಲ್ಲಿ ಶಂಕರ್ ನಾಗ್ ಅವರ ದೊಡ್ಡ ಚಿತ್ರ. ಹಿಂದೆ ರಾಯಚೂರಿನ ಆಟೋಗಳ ಸಾಲು, ಪ್ರತಿಯೊಂದರ ಬೆನ್ನಿನ ಮೇಲೂ ಅದೇ ಮುಖ. ಹುಡುಗರು ಹಲಗೆಯ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಮುದುಕರಾದ ಚಾಲಕರು ಮಾತ್ರ ಹಲಗೆಯತ್ತ ನೋಡದೆ ಟ್ರೇಲರು ಹತ್ತಿ ನೇರ ಎಡಗೈಯನ್ನು ಆ ಹಿಡಿಕೆಯ ಮೇಲಿಟ್ಟರು. ಅವರಲ್ಲೊಬ್ಬ ತಡೆಯಲಾರದೆ ಜಗ್ಗಿಯೇಬಿಟ್ಟ. ಮೂರನೆಯ ಎಳೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಎಣ್ಣೆ ಉರಿದ ವಾಸನೆ, ನೀಲಿ ಹೊಗೆ, ಟರ್ರೆನ್ನುವ ಆ ಸದ್ದು! ಡೊಳ್ಳಿನವರೂ ಒಂದು ಕ್ಷಣ ನಿಲ್ಲಿಸಿ ತಿರುಗಿ ನೋಡಿದರು. ಬಂದೋಬಸ್ತಿನಲ್ಲಿದ್ದ ಪೊಲೀಸಿನವರು ಆರಿಸಲು ಹೇಳಿದರು, ಹೇಳುವ ಮೊದಲು ತಾವೂ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

ಮರುವಾರ ಹುಡುಗ ಒಂದು ಕೆಲಸ ಮಾಡಿದ. ಬಾಡಿಗೆಯ ಗಾಡಿ ಕಳಿಸಿ ದೇವದುರ್ಗದ ಮುದುಕಿಯನ್ನು ಗ್ಯಾರೇಜಿಗೆ ಕರೆಸಿ, ತಿರುಪು ಬಿಚ್ಚಿ ತಗಡು ತೆಗೆದು ತೋರಿಸಿದ. ಆಕೆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹಿಂದಿನ ಸೀಟಿನಲ್ಲಿ ಕುಳಿತು, ನಮ್ಮ ಗಾಡಿ ಇಷ್ಟು ಮೆತ್ತಗಿರಲಿಲ್ಲ, ಸ್ಪಂಜು ಹೆಚ್ಚಾಯಿತು ಎಂದಳು. ಅವನು ಆ ಸ್ಪಂಜನ್ನು ತೆಗೆದು ತೆಂಗಿನ ನಾರು ತುಂಬಿಸಿದ್ದಾನೆ.

ಗಾಡಿ ಈಗಲೂ ಅದೇ ಗ್ಯಾರೇಜಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಕೊಳ್ಳುವೆನೆಂದು ಬೆಂಗಳೂರಿನಿಂದ ಒಬ್ಬರು ಫೋನು ಮಾಡಿದ್ದರು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುವುದಕ್ಕಂತೆ. ಮಾತು ಅಲ್ಲಿಗೇ ನಿಂತಿತು. ವಾರಕ್ಕೊಮ್ಮೆ, ಸಾಮಾನ್ಯವಾಗಿ ರವಿವಾರ ಬೆಳಿಗ್ಗೆ, ಹುಡುಗ ಎಂಜಿನ್ನನ್ನು ಹತ್ತು ನಿಮಿಷ ಚಾಲೂ ಮಾಡುತ್ತಾನೆ. ಹಾಗೆಯೇ ಬಿಟ್ಟರೆ ಕಾರ್ಬುರೇಟರಿನಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸದ್ದಿಗೆ ಓಣಿಯವರು ಮೊದಮೊದಲು ಬೈಯುತ್ತಿದ್ದರು. ಈಗ ಆ ಹೊತ್ತಿಗೆ ಒಬ್ಬಿಬ್ಬರಾದರೂ ಚಹಾದ ಲೋಟ ಹಿಡಿದು ಬಂದು ನಿಲ್ಲುತ್ತಾರೆ.